ಬೆವರಿದ ಗೋಡೆ

ಗಲ್ಫಿನ ವಾದಿ ಕಬೀರಿನ ಆ ಕಟ್ಟಡದಲ್ಲಿ ಭೋಜರಾಜನ ಅಣಕಕ್ಕೆ ಸಿಗದವರಿರಲಿಲ್ಲ. ಮ್ಯಾನೇಜರರ ಮೂಗುಮಾತು, ವೀಸಾ ಕೊಟ್ಟ ಅರಬಿ ಧಣಿ ಕಫೀಲನ 'ಯಲ್ಲಾ ಯಲ್ಲಾ', ಪಕ್ಕದ ಮನೆಯ ಕುಂಞಮ್ಮದ್ ಬ್ಯಾರಿ ಪ್ರತಿ ಮಾತಿಗೆ ಮೊದಲು ಗಂಟಲು ಕೆರೆಯುವುದು, ಎಲ್ಲವೂ ಅವನ ನಾಲಿಗೆ ತುದಿಯಲ್ಲಿ.

ಅಂಥವನಿಗೆ ಮನೆಯಲ್ಲೇ ಬಿಯರ್ ಮಾಡುವ ಹುಚ್ಚು ಹತ್ತಿತು. ಸಿಕ್ಕಿಬಿದ್ದರೆ ಕೆಲಸ, ವೀಸಾ ಎಲ್ಲ ಖಲಾಸ್. ವಾಸನೆ ಹೊರಗೆ ಹೋಗಬಾರದೆಂದು ಸ್ಟೋರ್‌ರೂಮಿನ ಎಕ್ಸಾಸ್ಟ್ ಫ್ಯಾನಿನ ಕಂಡಿಗೆ ಹಳೆ ಪೇಪರು ತುರುಕಿ, ಬಾಗಿಲ ಸಂದಿಗೆ ಲುಂಗಿ ಒತ್ತಿ, ಇಂಡಕ್ಷನ್ ಒಲೆಯ ಮೇಲೆ ಬಾರ್ಲಿ ನೀರು ಕುದಿಸುತ್ತಿದ್ದ. ಹಬೆಗೆ ಬೇರೆ ದಾರಿಯೆಲ್ಲಿ? ಆಚೆಮನೆಯ ಎಸಿಗೆ ತಣ್ಣಗಾದ ಗೋಡೆಗೆ ಬಡಿದು ನೀರಾಗಿ ಇಳಿಯಿತು.

"ಗೋಡೆ ಜ್ವರ ಬಿಟ್ಟವರ ಹಾಗೆ ಬೆವರ್ತಾ ಉಂಟು. ಆ ಫ್ಯಾನ್ ಹಾಕಿ ಮಾರಾಯ್ರೆ," ಅಂದಳು ಹೆಂಡತಿ ದಮಯಂತಿ.

"ಫ್ಯಾನ್ ಹಾಕಿದ್ರೆ ಕಟ್ಟಡದ ತುಂಬ ನನಗೆ ಫ್ಯಾನುಗಳು ಹುಟ್ತಾರೆ. ಮೊದಲ ಫ್ಯಾನು ಪೊಲೀಸು."

ಒಂದು ಶುಕ್ರವಾರ ಊಟದ ಹೊತ್ತಿಗೆ ಕುಂಞಮ್ಮದ್ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಅಕ್ಕಿರೊಟ್ಟಿಯಂಥ ಪತ್ತಿರಿಯ ತಟ್ಟೆ, ಅಂಗಿ ಬೆವರಿಗೆ ಮೈಗಂಟಿತ್ತು. ಪಕ್ಕದಲ್ಲಿ ಮಗಳು ಸಫೀನಾ. ಕುತ್ತಿಗೆ ತುಂಬ ಬೆವರುಸಾಲೆ, ಮೇಲೆ ಪೌಡರು. ಅವನು ಗಂಟಲು ಕೆರೆದುಕೊಂಡ.

"ಭೋಜಣ್ಣ, ನಮ್ಮದೊಂದು ತಪ್ಪಾಗಿದೆ. ನಮ್ಮ ಎಸಿ ನೀರು ಗೋಡೆಗೆ ಇಳೀತಾ ಉಂಟು ಕಾಣ್ತದೆ. ನಮ್ಮ ಬದಿ ಬೂಷ್ಟು ಬಂದು ನನ್ನ ಹೆಂಡತಿ ಅಮೀನತ್ ಕುರ್‌ಆನ್ ಇಡುವ ಕಪಾಟನ್ನೇ ಸರಿಸಿದಳು. ನಿಮ್ಮ ಬದಿ ಎಷ್ಟು ಹಾಳಾಗಿದೆಯೋ! ಅದಕ್ಕೆ ಎಸಿ ಬಂದ್ ಮಾಡಿದ್ದೇವೆ."

"ಈ ಜೂನ್ ತಿಂಗಳಲ್ಲಾ?"

"ಮತ್ತೆ? ನಮ್ಮ ಸುಖಕ್ಕೆ ನಿಮ್ಮ ಗೋಡೆ ಕೊಳೆಯುವುದಾ? ಬಂದ್ ಮಾಡಿದ ಮೇಲೆ ಒಣಗ್ತಾ ಉಂಟು. ಹಾಗಾದರೆ ತಪ್ಪು ನಮ್ಮದೇ ಅಲ್ವಾ?"

ಗೋಡೆ ತಣ್ಣಗಿಲ್ಲದಿದ್ದರೆ ಹಬೆ ನೀರಾಗುವುದಿಲ್ಲ, ಅಷ್ಟೇ. ಅದು ಭೋಜರಾಜನಿಗೆ ಚೆನ್ನಾಗಿ ಗೊತ್ತು. ಆದರೆ ಬಾಯಿಂದ ಹೊರಟದ್ದೇ ಬೇರೆ: "ಹೋಗಲಿ ಬಿಡಿ ಮಮ್ಮದಾಕ, ಅದೇನು ದೊಡ್ಡ ವಿಷಯ."

"ನಿಮ್ಮ ಮನಸ್ಸು ದೊಡ್ಡದು," ಎಂದು ಕುಂಞಮ್ಮದ್ ಮಗಳ ಕೈಹಿಡಿದು ಹೊರಟ.

ಬಾಗಿಲು ಹಾಕುತ್ತಲೇ ದಮಯಂತಿ ಕೇಳಿದಳು, "ಕ್ಷಮಿಸಿಯೂ ಆಯ್ತಾ?"

ಭೋಜರಾಜ ಪತ್ತಿರಿ ತಿನ್ನಲು ಕೂತ. ಅರ್ಧಕ್ಕೇ ಎದ್ದು, ಕುಂಞಮ್ಮದ್‌ಗೆ ಗೊತ್ತಿಲ್ಲದ ಆಫೀಸ್ ನಂಬರಿನಿಂದ ಫೋನ್ ಹಚ್ಚಿ, ಸ್ವರ ದಪ್ಪ ಮಾಡಿಕೊಂಡ.

"ಹಲೋ ಭಾಯ್, ಬಿಲ್ಡಿಂಗ್ ಮೇಂಟೆನೆನ್ಸ್. ಆಪ್ ಕಾ ಎಸಿ ಠೀಕ್ ಹೈ. ಚಾಲೂ ಕರೋ."

"ನಹೀಂ ಭಾಯ್," ಅಂದ ಕುಂಞಮ್ಮದ್. "ಪಹಲೇ ಭೋಜರಾಜ್ ಭಾಯ್ ಕಾ ದೀವಾರ್ ದೇಖೋ. ಬಹುತ್ ಅಚ್ಛಾ ಆದ್ಮಿ ಹೈ. ಹಮ್ ಗರ್ಮೀ ಸಹ ಲೇಂಗೇ."

ಸೆಕೆ ತಡೆದುಕೊಳ್ಳುತ್ತೇವೆ ಎಂಬ ಆ ಮಾತಿಗೆ ಕಟ್ಟಿಕೊಂಡ ಸ್ವರ ಅಲ್ಲೇ ಕಳಚಿ ಬಿತ್ತು.

"ಮಮ್ಮದಾಕ... ಇದು ನಾನು, ಭೋಜ. ನಿಮ್ಮ ಎಸಿಯದ್ದೇನೂ ಇಲ್ಲ. ನೀರೆಲ್ಲ ನನ್ನದು. ಸ್ಟೋರ್‌ರೂಮಲ್ಲಿ ಬಾಗಿಲು ಹಾಕಿಕೊಂಡು ಬಿಯರ್ ಕುದಿಸ್ತಿದ್ದೆ."

ಆ ಕಡೆ ಗಂಟಲು ಕೆರೆದ ಸದ್ದೂ ಕೇಳುವ ಮೊದಲೇ ಫೋನ್ ಕಟ್ಟಾಯಿತು. ಸ್ವಲ್ಪ ಹೊತ್ತಿಗೆ ಗೋಡೆಯಾಚೆ ಎಸಿ ಗುರ್ ಎಂದಿತು.

ಭೋಜರಾಜ ಪೇಪರು ಕಿತ್ತು ಫ್ಯಾನ್ ಹಾಕಿದ. ಬಕೆಟಿನಲ್ಲಿ ನೊರೆಯೇಳುತ್ತಿದ್ದುದನ್ನೆಲ್ಲ ಬಚ್ಚಲಿಗೆ ಸುರಿದ. ಆಮೇಲೆ ಪತ್ತಿರಿಯ ತಟ್ಟೆ ತೊಳೆದ. ನೆರೆಮನೆಯ ತಟ್ಟೆಯನ್ನು ಬರಿದಾಗಿ ವಾಪಸು ಕೊಡುವ ಪದ್ಧತಿ ಊರಲ್ಲೂ ಇಲ್ಲ, ಇಲ್ಲೂ ಇಲ್ಲ. ಏನು ಹಾಕುವುದು? ಮೂಗಿಗೆ ಹಿಡಿದರೆ ತಟ್ಟೆಯೂ ಬಾರ್ಲಿ ನಾರಿದಂತಾಗಿ ಮತ್ತೊಮ್ಮೆ ತೊಳೆದ.

ದಮಯಂತಿ ನಾಲ್ಕು ಮಾವಿನಹಣ್ಣು ಇಟ್ಟಳು. "ನಾನು ಬರುವುದಿಲ್ಲ. ನೀವೇ ಹೋಗಿ."

ಅವನು ಬೆಲ್ ಒತ್ತಿದ. ಒಳಗೆ ಯಾರೋ ಗಂಟಲು ಕೆರೆದುಕೊಂಡರು. ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಅವನು ತಲೆ ತಗ್ಗಿಸಿ ನಿಂತ.