ಸೋತವನು ತೊಳೆದ ಸೈಕಲ್ಲು

ಸೈಕಲ್ಲಿನಿಂದಿಳಿದ ಕೆಂಪು ನೀರು ನಮ್ಮ ಅಂಗಳದ ಒಗೆಯುವ ಕಲ್ಲನ್ನು ಬಳಸಿಕೊಂಡು ಬೀದಿಯ ಚರಂಡಿಗೆ ಹರಿಯುತ್ತಿತ್ತು. ಮಳೆಗಾಲದ ಭಾನುವಾರ ಯಾರ ಮನೆಯ ಮುಂದೆ ಅಂಥ ನೀರು ಹರಿದರೂ ನಮ್ಮೂರಿನವರು ಒಂದು ಗಳಿಗೆ ನಿಂತು, "ಓಹೋ, ಇವತ್ತು ಇವನು ಸೋತ" ಎಂದು ಮುಂದೆ ಹೋಗುತ್ತಿದ್ದರು. ಗುಡ್ಡದ ನೆತ್ತಿಯಿಂದ ಕೆಳಪೇಟೆಯವರೆಗೆ ಕೆಸರಿನಲ್ಲಿ ಮೌಂಟನ್ ಬೈಕ್ ಇಳಿಸುವ ಪಂದ್ಯ ಅದು. ಗೆದ್ದವನ ಸೈಕಲ್ಲನ್ನು ಎರಡನೆಯವನು ತನ್ನ ಮನೆಗೆ ತಂದು ತೊಳೆದುಕೊಡಬೇಕು. ಮರುದಿನ ಬೆಳಿಗ್ಗೆ ಗೆದ್ದವನು ಅದನ್ನು ಪರೀಕ್ಷಿಸದೆ ಎಲ್ಲರೆದುರು ಮತ್ತೊಮ್ಮೆ ನೆತ್ತಿಯಿಂದ ಇಳಿಯಬೇಕು. ಬ್ರೇಕ್ ಒತ್ತಿ ನೋಡಿದರೆ ತೊಳೆದವನ ಮೇಲೆ ಅನುಮಾನಪಟ್ಟ ಹಾಗೆ. ಪಂದ್ಯದ ಹಗೆ ಅಲ್ಲಿಗೇ ಮುಗಿಯಲಿ ಎಂದು ಯಾರೋ ಪುಣ್ಯಾತ್ಮರು ಮಾಡಿದ ಕಟ್ಟಳೆ. ಆ ಪುಣ್ಯಾತ್ಮರು ಕೈಗೆ ಸಿಕ್ಕರೆ ನಾಲ್ಕು ಮಾತು ಕೇಳುವುದಿದೆ ನನಗೆ.

ಆ ಭಾನುವಾರ ಸೋತವನು ನನ್ನ ತಮ್ಮ ಲೋಹಿತ. ಗೆದ್ದವನು ಪಕ್ಕದ ಮನೆಯ ಧರಣೇಶ. ಕೊನೆಯ ತಿರುವಿನಲ್ಲಿ ಧರಣೇಶ ಮೊಣಕೈಯಿಂದ ತಿವಿದು ಇವನನ್ನು ಕಲ್ಲುಗಳ ಮೇಲೆ ಬೀಳಿಸಿದ್ದ. ಲೋಹಿತ ಎದ್ದವನೇ ಇಡೀ ಪೇಟೆಗೆ ಕೇಳುವಂತೆ, "ನಿನ್ನ ಕಾಲು ಮುರೀತೀನಿ ನೋಡ್ತಿರು" ಎಂದು ಕೂಗಿದ್ದ. ಆಡಬಾರದ ಮಾತು, ಆಡಿಬಿಟ್ಟ.

ಮನೆಗೆ ಅಂಟಿಕೊಂಡೇ ಇದ್ದ ಅಪ್ಪನ ಸೈಕಲ್ ಅಂಗಡಿ ಆಗ ನನ್ನ ಕೈಯಲ್ಲಿತ್ತು. ಆದ್ದರಿಂದ ತೊಳೆಯುವಾಗ ಮಗ್ಗುಲಲ್ಲೇ ನಿಂತಿದ್ದೆ. "ಸಿಟ್ಟೆಲ್ಲ ನಿನ್ನ ಹತ್ರ ಇಟ್ಕೋ, ಬ್ರಷ್ಷಿಗೆ ತರಬೇಡ" ಎಂದು ಬೈಯುತ್ತಲೇ ಇದ್ದೆ. ಅವನು ಕೆಸರನ್ನು ಕೆರೆಯದೆ, ನೀರು ಸುರಿದು ನೆನೆಸಿ ಇಳಿಸಿದ. ಚಕ್ರ ತಿರುಗುವ ನಡುವಿನ ಗುಂಬಗಳೊಳಗೆ ನೀರು ನುಗ್ಗದಂತೆ ಮೇಲಿನಿಂದ ಮೆಲ್ಲಗೆ ಹೊಯ್ದ. ಚೈನನ್ನು ಕೊನೆಗೆ ಮುಟ್ಟಿದ. ಅದಕ್ಕೆ ಎಣ್ಣೆ ಬಿಡುವ ಮೊದಲು ಎರಡೂ ಚಕ್ರದ ಡಿಸ್ಕುಗಳಿಗೆ ಪ್ಲಾಸ್ಟಿಕ್ ಚೀಲ ಕಟ್ಟಿದ. ಡಿಸ್ಕ್ ಎಂದರೆ ಚಕ್ರದ ನಡುವಿನ ತೆಳ್ಳನೆಯ ಉಕ್ಕಿನ ಬಿಲ್ಲೆ. ಬ್ರೇಕು ಕಚ್ಚಿ ಹಿಡಿಯುವುದು ಅದನ್ನೇ. ಅದಕ್ಕೆ ಎಣ್ಣೆ ಸೋಕಿತೋ, ಎಷ್ಟು ಒತ್ತಿದರೂ ಚಕ್ರ ನಿಲ್ಲದು. ಸಂಜೆ ಸೈಕಲ್ಲು ಫಳಫಳ ಹೊಳೆಯುತ್ತಿತ್ತು. ಲೋಹಿತ ಅದನ್ನು ಧರಣೇಶನ ಮನೆಯ ಜಗುಲಿಯ ಮೇಲೆ ನಿಲ್ಲಿಸಿ ಬಂದ.

ಬೆಳಿಗ್ಗೆ ಧರಣೇಶ ನೆತ್ತಿಯಿಂದ ಇಳಿದ. ಇಳಿದವನು ನಿಲ್ಲಲಿಲ್ಲ. ಕೆಳಪೇಟೆಯ ಕಲ್ಲುಗೋಡೆಗೆ ಅವನು ಬಡಿದ ಸದ್ದು ನಮ್ಮ ಅಂಗಡಿಗೂ ಕೇಳಿಸಿತು. ತೊಡೆಯ ಮೂಳೆ ಚರ್ಮ ಹರಿದು ಹೊರಗೆ ಬಂದಿತ್ತು, ತಲೆ ಬಿರಿದಿತ್ತು. ಆಸ್ಪತ್ರೆಗೆ ಹೊತ್ತೊಯ್ದರು.

ಅವನನ್ನು ಹೊತ್ತೊಯ್ದ ಕೈಗಳೇ ನಮ್ಮ ಮನೆಗೆ ಬಂದವು. ಮುಂದೆ ಧರಣೇಶನ ಅಣ್ಣ ಮರುಳಪ್ಪ, ಅಂಗಿಯೆಲ್ಲ ತಮ್ಮನ ರಕ್ತ. ನಜ್ಜುಗುಜ್ಜಾದ ಸೈಕಲ್ಲನ್ನು ಅಂಗಳಕ್ಕೆ ಎಸೆದ.

"ಡಿಸ್ಕಿಗೆ ಎಣ್ಣೆ ಹಚ್ಚಿ ಕೊಟ್ಟಿದ್ದೀಯಲ್ಲೋ."

"ನಾನಲ್ಲ" ಎಂದ ಲೋಹಿತ. ಅಷ್ಟರಲ್ಲಿ ಮರುಳಪ್ಪನ ಮುಷ್ಟಿ ಬಾಯಿಗೆ ಬಿತ್ತು. ಹಲ್ಲು ಮುರಿದು ಅಂಗಳಕ್ಕೆ ಸಿಡಿಯಿತು. ಉಳಿದವರು ಅವನನ್ನು ಕೆಡವಿ ಪಕ್ಕೆಗೆ ಒದ್ದರು. ನಾನು ಗಾಳಿ ಹೊಡೆಯುವ ಪಂಪು ಎತ್ತಿ ಒಬ್ಬನ ಬೆನ್ನಿಗೆ ಬಾರಿಸಿದೆ, ಮರುಳಪ್ಪನ ತೋಳನ್ನು ಕಚ್ಚಿದೆ. ನಾಲಿಗೆಗೆ ಉಪ್ಪು ತಾಕುವವರೆಗೂ ಕಚ್ಚಿದೆ. ಸುಳ್ಳೇಕೆ, ಆ ಗಳಿಗೆಯಲ್ಲಿ ಅವನು ಸತ್ತಿದ್ದರೂ ನನಗೆ ಸಂತೋಷವೇ ಆಗುತ್ತಿತ್ತು. ಅವನು ನನ್ನನ್ನು ಗೋಡೆಗೆ ಎಸೆದ.

"ನಾನಲ್ಲ ಅಣ್ಣ, ಚೀಲ ಕಟ್ಟೇ ಎಣ್ಣೆ ಬಿಟ್ಟೆ, ಅಕ್ಕನ್ನ ಕೇಳು" ಎಂದು ಲೋಹಿತ ಒರಲುತ್ತಿದ್ದ.

"ಹಾಗಾದ್ರೆ ಇದೇನು? ನೆಕ್ಕಿ ನೋಡು." ಮರುಳಪ್ಪ ಅವನ ಕೂದಲು ಹಿಡಿದು ಮುಖವನ್ನು ಡಿಸ್ಕಿನ ಮೇಲೆ ಉಜ್ಜಿದ. ಉಕ್ಕಿನ ಅಂಚು ಕೆನ್ನೆಯನ್ನು ಸೀಳಿತು.

ಲೋಹಿತ ಮಾತು ನಿಲ್ಲಿಸಿದ್ದು ಆಗಲೇ. ಅಷ್ಟು ಹೊತ್ತು "ನಾನಲ್ಲ, ನಾನಲ್ಲ" ಎನ್ನುತ್ತಿದ್ದವನು ಒಮ್ಮೆಲೇ ತುಟಿ ಬಿಗಿದುಕೊಂಡ. "ನೋಡಿದ್ರಾ, ಒಪ್ಕೊಂಡ" ಎಂದಿತು ಗುಂಪು. ನನಗೂ ಒಂದು ಗಳಿಗೆ ಅನುಮಾನ ಬಂತು.

"ನನ್ನ ತಮ್ಮ ಇನ್ನು ನಡೆಯೋದು ಡೌಟು" ಎಂದ ಮರುಳಪ್ಪ. "ಇವನ ಎರಡು ಕೈನೂ ಇನ್ನು ಹ್ಯಾಂಡಲ್ ಹಿಡೀಬಾರ್ದು." ನನ್ನ ಅಂಗಡಿಯ ಸುತ್ತಿಗೆಯನ್ನೇ ತೆಗೆದುಕೊಂಡ. ಲೋಹಿತನ ಬಲಗೈಯನ್ನು ಒಗೆಯುವ ಕಲ್ಲಿನ ಮೇಲೆ ಒತ್ತಿ ಹಿಡಿದು ಹೊಡೆದ. ಎರಡು ಬೆರಳು ಜಜ್ಜಿಹೋದವು. ನಿನ್ನೆ ಹರಿದ ದಾರಿಯಲ್ಲೇ ಕಲ್ಲನ್ನು ಬಳಸಿಕೊಂಡು ಕೆಂಪು ಹರಿಯಿತು. ನಾನು ತೆವಳಿಕೊಂಡು ಹೋಗಿ ತಮ್ಮನನ್ನು ತಬ್ಬಿದೆ. ಅವನ ಸೀಳಿದ ಕೆನ್ನೆ ನನ್ನ ಮೂಗಿಗೆ ತಾಕಿತು. ರಕ್ತದ ಜೊತೆಗೆ ಇನ್ನೊಂದು ವಾಸನೆ ಇತ್ತು.

ಹರಳೆಣ್ಣೆ.

ಚೈನಿಗೆ ಯಾರೂ ಹರಳೆಣ್ಣೆ ಹಾಕುವುದಿಲ್ಲ. ಆ ಎಣ್ಣೆಯನ್ನು ಮನೆಯಲ್ಲೇ ಕಾಸಿ, ಮಳೆ ಶುರುವಾದೊಡನೆ ಕುಡುಗೋಲು, ಕಾವಲಿ, ಅಡಕತ್ತರಿ, ಬಾಗಿಲ ಚಿಲಕ ಎಲ್ಲಕ್ಕೂ ಬಟ್ಟೆಯಲ್ಲಿ ಅದ್ದಿ ಒರೆಸಿಡುವವರು ನಮ್ಮ ಬೀದಿಯಲ್ಲಿ ಒಬ್ಬರೇ. ಧರಣೇಶನ ತಾಯಿ ಚೆನ್ನಾಜಮ್ಮ. ನಮ್ಮವ್ವ ಸತ್ತ ಮೇಲೆ ಅದೇ ಎಣ್ಣೆಯನ್ನು ನನ್ನ ತಲೆಗೂ ಲೋಹಿತನ ತಲೆಗೂ ತಟ್ಟಿ, ಬಿಸಿನೀರು ಹೊಯ್ದು ಬೆಳೆಸಿದವರು. ನಾನು ಕತ್ತೆತ್ತಿದೆ. ಮರುಳಪ್ಪನನ್ನು ಹುಡುಕಿಕೊಂಡು ಆಗಷ್ಟೇ ಓಡಿಬಂದ ಅವರು ಅಂಗಳದ ಬಾಗಿಲ ಬಳಿ ಏದುಸಿರು ಬಿಡುತ್ತ, ಜಗಳ ಯಾಕೆಂದು ತಿಳಿಯದೆ ನಿಂತಿದ್ದರು.

"ಅಕ್ಕ, ಬೇಡ" ಎಂದ ಲೋಹಿತ ನನ್ನ ಕಿವಿಯಲ್ಲಿ. "ತಡ್ಕೊಳಲ್ಲ ಅವರು."

ಅವನಿಗೆ ಆಗಲೇ ಗೊತ್ತಾಗಿತ್ತು. ಗೊತ್ತಾಗಿಯೇ ಬಾಯಿ ಮುಚ್ಚಿಕೊಂಡು ಕೈ ಕೊಡುತ್ತಿದ್ದ, ಮಂಕುಮುಂಡೇದು. ಮರುಳಪ್ಪ ಅವನ ಎಡಗೈಯನ್ನು ಎಳೆದು ಕಲ್ಲಿನ ಮೇಲಿಟ್ಟ. ಸುತ್ತಿಗೆ ಮೇಲೆದ್ದಿತು.

ನನಗೆ ತಮ್ಮನ ಔದಾರ್ಯ ಇರಲಿಲ್ಲ, ಈಗಲೂ ಇಲ್ಲ. ಆ ಕೈ ಉಳಿಯಬೇಕಿತ್ತು. "ಅದು ಹರಳೆಣ್ಣೆ ಕಣೋ ಮರುಳಪ್ಪ" ಎಂದೆ. "ಮೂಸಿ ನೋಡು. ಆಮೇಲೆ ನಿಮ್ಮವ್ವನ ಕೈ ಮೂಸು."

ಅವನು ಡಿಸ್ಕನ್ನು ಬೆರಳಿನಿಂದ ಒರೆಸಿ ಮೂಗಿಗೆ ಹಿಡಿದ. ಹುಟ್ಟಿದಾಗಿನಿಂದ ಮೂಸಿದ ವಾಸನೆ. ಅವನ ಮುಖ ಬಿಳಿಚಿಕೊಂಡಿತು.

"ಹೂಂ, ನಾನೇ ಒರೆಸಿದ್ದು" ಎಂದರು ಚೆನ್ನಾಜಮ್ಮ. ದನಿಯಲ್ಲಿ ಇನ್ನೂ ಭಯ ಇರಲಿಲ್ಲ. "ಎಷ್ಟು ಚೆಂದ ತೊಳ್ದಿತ್ತು ಮಗು. ಬೋಳು ಕಬ್ಬಿಣ, ಮಳೆ ಥಂಡಿ ಬೇರೆ, ತುಕ್ಕು ಹಿಡೀತದೆ ಅಂತ ಎರಡೂ ಬಿಲ್ಲೆಗೆ ಎಣ್ಣೆ ಕೈಯಾಡಿಸಿದೆ. ಯಾಕೆ?"

ಅವರು ಸೈಕಲ್ಲನ್ನು ನೋಡಿದರು, ಲೋಹಿತನ ಬೆರಳುಗಳನ್ನು ನೋಡಿದರು, ಮಗನ ಕೈಯ ಸುತ್ತಿಗೆಯನ್ನು ನೋಡಿದರು. ತಿಳಿಯುತ್ತ ಹೋದದ್ದು ನನಗೆ ಕಾಣುತ್ತಿತ್ತು. ಗುಂಪನ್ನು ತಳ್ಳಿಕೊಂಡು ಬಂದು ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತರು. ಲೋಹಿತನ ಎಡಗೈಯನ್ನು ಬಿಡಿಸಿ ಆಚೆಗಿಟ್ಟು, ಅದೇ ಜಾಗದಲ್ಲಿ ತಮ್ಮ ಕೈ ಚಾಚಿದರು.

"ಹೊಡಿ" ಎಂದರು ಮಗನಿಗೆ.

ಮರುಳಪ್ಪ ಹುಚ್ಚನಂತೆ ಸೈಕಲ್ಲಿನ ಕಡೆ ತಿರುಗಿ, ಅದರ ಚೌಕಟ್ಟು ಮುರಿಯುವವರೆಗೂ ಬಡಿದ. ಆಮೇಲೆ ಸುತ್ತಿಗೆ ಎಸೆದು ಹೊರಟುಹೋದ. ಗುಂಪೂ ಒಬ್ಬೊಬ್ಬರಾಗಿ ಕರಗಿತು. ಚೆನ್ನಾಜಮ್ಮ ಏಳಲಿಲ್ಲ. "ದೊಡ್ಡವ್ವ, ಏಳಿ" ಎಂದು ಲೋಹಿತ ಉಳಿದ ಕೈಯಿಂದ ಅವರ ಮಣಿಕಟ್ಟು ಹಿಡಿದು ಎತ್ತಲು ನೋಡಿದ. ನಾನಾಗಿದ್ದರೆ ಮುಟ್ಟುತ್ತಿರಲಿಲ್ಲ.

ಮಳೆ ಹನಿಯತೊಡಗಿತು. ಅವರು ಕೈಯನ್ನು ಕಲ್ಲಿಗೆ ಇನ್ನಷ್ಟು ಬಲವಾಗಿ ಒತ್ತಿಕೊಂಡು, ಬೆರಳುಗಳನ್ನು ಅಗಲಿಸಿ, ಕಾಯುತ್ತ ಕೂತಿದ್ದರು.