ಮೂರನೇ ಬೇಸಿನಿಂದ ಮೊದಲನೆಯದಕ್ಕೆ

ಬೆಂಚಿನ ಮುಂದಿನ ಹುಲ್ಲಿನ ಮೇಲೆ ಒಂದು ನೆರಳು ಸರಿದುಹೋಯಿತು, ಅಂಗೈಯಷ್ಟೇ ಇತ್ತು, ಹದ್ದಿನದಿರಬೇಕು, ಇಲ್ಲ, ಹದ್ದಿನದಲ್ಲ, ಜೂನ್ ಹದಿನಾಲ್ಕರಂದು ಲಿಯಾಂಡರ್ ಹಾಪ್‌ಮನ್ ಹೊಡೆದ ಚೆಂಡಿನದೇ, ಏಕೆಂದರೆ ಆ ಚೆಂಡು ಇನ್ನೂ ಕೆಳಗೆ ಬಿದ್ದಿಲ್ಲ, ಏಳು ವಾರವಾಯಿತು, ಸೇಂಟ್ ಉರ್ಸುಲಾ ಊರಿನ ಮೇಲೆ ಸುತ್ತುತ್ತಲೇ ಇದೆ, ಪಾದ್ರಿಗಳೇ ನೋಡಿದ್ದಾರೆ, ಅಂದರೆ ನೋಡಿಲ್ಲವೆಂದು ಹೇಳಿಲ್ಲ, ಕೇಳಿದಾಗ ನಕ್ಕರು, ಅಷ್ಟು ಸಾಕು— ಲಿಯಾಂಡರ್ ಒಂದು ಸೂರ್ಯಕಾಂತಿ ಬೀಜ ಕಡಿದು ಸಿಪ್ಪೆ ಉಗಿದ, ಬೆಂಚಿನ ಈ ತುದಿ ಅವನದು, ಹನ್ನೊಂದು ಬೇಸಿಗೆಯಿಂದ ಅವನದೇ, ಹಲಗೆ ಅವನ ಕುಂಡೆಯ ಅಳತೆಗೆ ತಗ್ಗಿಹೋಗಿದೆ, ಅವನು ಸತ್ತರೆ ಆ ತಗ್ಗಿನಲ್ಲಿ ಮಳೆನೀರು ನಿಂತು ಬಾತುಕೋಳಿಗಳು ಈಜುತ್ತವೆ, ಹಿಂದಿನಿಂದ ಸಾಸೇಜು ಸುಡುವ ಹೊಗೆ, ಹುಳಿ ಎಲೆಕೋಸಿನ ವಾಸನೆ, ಬೇಸ್‌ಬಾಲ್ ಪಂದ್ಯ, ಒಂಬತ್ತರಲ್ಲಿ ಎಂಟನೇ ಇನ್ನಿಂಗ್ಸ್, ನಾಲ್ಕು ನಾಲ್ಕು ಸಮ, ಗೆದ್ದರೆ ರಾಜ್ಯ ಪಂದ್ಯಾವಳಿ, ಸೋತರೆ ಮುಂದಿನ ಮೇ ತಿಂಗಳವರೆಗೆ ಬರೀ ಹಾಲಿನ ಲಾರಿ, ಒಂದು ಕೊಟ್ಟಿಗೆಯಿಂದ ಇನ್ನೊಂದು ಕೊಟ್ಟಿಗೆಗೆ, ಕೊನೆಗೆ ಡೈರಿಗೆ, ಸೇಂಟ್ ಉರ್ಸುಲಾ ರಾಜ್ಯಮಟ್ಟಕ್ಕೆ ಹೋಗಿ ಮೂವತ್ತೊಂದು ವರ್ಷ, ಆಗ ಲಿಯಾಂಡರ್‌ಗೆ ಹದಿನೈದು, ಬಸ್ಸಿನ ಕಿಟಕಿಯಿಂದ ಟೋಪಿ ಬೀಸುತ್ತಿದ್ದ ಆಟಗಾರರ ಹಿಂದೆ ಸೈಕಲ್ಲಿನಲ್ಲಿ ಹೋಗಿದ್ದ, ನಲವತ್ತು ಮೈಲಿ ಹೋಗಿದ್ದೆ ಎನ್ನುತ್ತಾನೆ, ಡೈರಿಯ ಗೇಟಿನವರೆಗೆ ಹೋಗಿದ್ದ.

ನೆಲದಾಟಕ್ಕೆ, ಅಂದರೆ ಬೇಸುಗಳನ್ನು ಕಾಯಲಿಕ್ಕೆ, ಜನ ಇಲ್ಲ, ಜನ ಇಲ್ಲ ಎಂದು ಕ್ಲೀಟಸ್ ಬ್ರಾಂಡ್ಲ್ ಏಪ್ರಿಲ್‌ನಿಂದ ಜಪ ಮಾಡುತ್ತಿದ್ದಾನೆ, ಕ್ಲೀಟಸ್ ತಂಡದ ಮ್ಯಾನೇಜರು, ದನದ ಮೇವಿನ ಅಂಗಡಿಯವನು, ಮೇವಿನ ಚೀಲದ ಚೀಟಿಯ ಹಿಂದೆಯೇ ತಂಡದ ಪಟ್ಟಿ ಬರೆಯುತ್ತಾನೆ, ನಮ್ಮಲ್ಲಿ ಹೊಡೆಯೋರು ಸಾಲುಗಟ್ಟಿ ನಿಂತಿದ್ದಾರೆ ಕಣೋ, ಚೆಂಡು ಹಿಡಿದು, ಹೊಡೆದವನು ಓಡಿ ಮುಟ್ಟೋ ಮುಂಚೆ ಮೊದಲ ಬೇಸಿಗೆ ಎಸೆಯೋರು ಎಲ್ಲಿ, ಮೂರನೇ ಬೇಸಿಗೆ ನಿಕ್ ಒಬ್ಬ, ಅವನಿಗೇನಾದ್ರೂ ಆದ್ರೆ ಅಲ್ಲಿ ನನ್ನ ಹೆಂಡತಿ ನಿಲ್ಲಬೇಕು ಎನ್ನುತ್ತಾನೆ, ಆಗೆಲ್ಲ ಲಿಯಾಂಡರ್ ಅಂಗಡಿಯ ಕಟ್ಟೆಗೆ ಒರಗಿ, ನಾನು ಒಂಟಿಗಾಲಲ್ಲಿ ನಿಂತು ಆ ಜಾಗ ಕಾಯ್ತೀನಿ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕಾಯ್ತೀನಿ, ಆದ್ರೆ ಬ್ಯಾಟು ಯಾರು ಹಿಡೀತಾರೆ ಹೇಳು ಎನ್ನುತ್ತಿದ್ದ, ಕ್ಲೀಟಸ್ ಹೌದಪ್ಪ ಹೌದು ಎಂದು ಚೀಟಿ ಮಡಚುತ್ತಿದ್ದ, ಎಡಗಣ್ಣಿನ ರೆಪ್ಪೆ ಅರ್ಧ ಇಳಿದೇ ಇರುತ್ತದೆ, ಆ ಕಣ್ಣಿನ ಕಡೆ ನಿಂತು ಮಾತಾಡಿಸಿದರೆ ಪೂರ್ತಿ ತಲೆ ತಿರುಗಿಸಬೇಕು, ಲಿಯಾಂಡರ್ ಯಾವಾಗಲೂ ಬಲಗಡೆಯೇ ನಿಲ್ಲುವುದು, ಅಭ್ಯಾಸ, ಬರೀ ಅಭ್ಯಾಸ— ನಿಯಮ ಬಂದದ್ದೇ ಎಷ್ಟು ಒಳ್ಳೆಯದಾಯಿತು, ಪಿಚರ್ ಚೆಂಡೆಸೆದು ದಣಿದಿರುತ್ತಾನೆ, ಅವನ ಬದಲು ಹೊಡೆಯಲಿಕ್ಕೆಂದೇ ಒಬ್ಬನನ್ನು ಇಟ್ಟುಕೊಳ್ಳಬಹುದು, ಡಿ.ಎಚ್. ಎನ್ನುತ್ತಾರೆ, ಅವನು ಗ್ಲೌಸು ಮುಟ್ಟಬೇಕಿಲ್ಲ, ಮೈದಾನಕ್ಕೆ ಇಳಿಯಬೇಕಿಲ್ಲ, ಹೊಡೆದು ಬಂದು ಕೂರುವುದು, ಲೀಗಿನ ಸಭೆಯಲ್ಲಿ ಈ ನಿಯಮ ಓದಿದ ದಿನ ಲಿಯಾಂಡರ್ ಕೈ ಎತ್ತಿದ ವೇಗಕ್ಕೆ ಮೇಲಿನ ದೀಪ ಅಲ್ಲಾಡಿತು, ಅವನೇ ಹೇಳುವಂತೆ ಒಡೆದೇಹೋಯಿತು, ಇಂಥ ಬ್ಯಾಟನ್ನು ಮೂರನೇ ಬೇಸಿನ ಧೂಳಿನಲ್ಲಿ ಹಾಳು ಮಾಡಬಾರದು ಅಂತ ಕ್ಲೀಟಸ್ ಕಾಲಿಗೆ ಬಿದ್ದ, ಹಾಗೆಂದು ಊರಿಗೆಲ್ಲ ಹೇಳಿದ್ದಾನೆ, ಕ್ಲೀಟಸ್ ಯಾರ ಕಾಲಿಗೂ ಬಿದ್ದಿರಲಿಲ್ಲ, ಹಾಗೆ ಬಿದ್ದಿಲ್ಲವೆಂದು ಯಾರಿಗೂ ಹೇಳಲೂ ಇಲ್ಲ.

ಟಕ್ ಎಂದಿತು ಬ್ಯಾಟು, ಆ ಸದ್ದು ಕೇಳಿದರೇ ಚೆಂಡು ನೆಲಕ್ಕಂಟಿ ಹೊರಟಿದೆಯೆಂದು ತಿಳಿಯುತ್ತದೆ, ಮೂರನೇ ಬೇಸಿನ ಕಡೆ, ನಿಕ್ ಮಂಡಿ ಬಗ್ಗಿಸಿ ಕೂತಿದ್ದಾನೆ, ಸರಿಯಾಗಿಯೇ ಕೂತಿದ್ದಾನೆ, ಕಲ್ಲೋ ಹೆಂಟೆಯೋ, ಚೆಂಡು ಕೊನೆಯ ಗಳಿಗೆಯಲ್ಲಿ ಎಗರಿತು, ನಿಕ್ ಬಾಯಿ ಮುಚ್ಚಿಕೊಂಡು ಕುಸಿದ, ಬೆರಳ ಸಂದಿಯಿಂದ ರಕ್ತ, ಹೊಡೆದವನು ಮೊದಲ ಬೇಸು ಮುಟ್ಟಿ ನಿಂತು ಈ ಕಡೆ ನೋಡುತ್ತಿದ್ದಾನೆ, ಎದುರು ತಂಡದ ಬಿರ್ಚ್‌ಹೋಮ್ ಊರಿನವರು ಒಳ್ಳೆಯ ಜನ, ಅವರೂ ಟೋಪಿ ತೆಗೆದರು, ನಿಕ್ ಎದ್ದು ಕೂತು ಎರಡು ಹಲ್ಲನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದ, ಅವನು ದನದ ಡಾಕ್ಟರು, ಇವನ್ನ ಹಾಲಲ್ಲಿ ಹಾಕಿ ಇಟ್ಕೊಳ್ರೋ ಎಂದ, ಉಳಿದದ್ದೆಲ್ಲ ತೊದಲಿತು, ಹಾಲಿಗೇನು ಬರ ಈ ಊರಲ್ಲಿ, ಯಾರೋ ಲೋಟ ತಂದರು, ಅವನನ್ನು ಕಾರು ಹತ್ತಿಸಿ ಕಳಿಸಿದರು, ಆಮೇಲೆ ಎಲ್ಲರೂ ಬೆಂಚಿನ ಕಡೆ ತಿರುಗಿದರು, ಲಿಯಾಂಡರ್ ತಾನೂ ತಿರುಗಿ ಬೆಂಚನ್ನು ನೋಡಿದ, ಅಲ್ಲಿ ಅವನ ತಗ್ಗು ಬಿಟ್ಟರೆ ಯಾರೂ ಇಲ್ಲ, ಪಶ್ಚಿಮದಲ್ಲಿ ಮೋಡ ಕಟ್ಟಿದೆಯೆಂದು ಫಿಲಿಪ್ಪಿ ಅಣ್ಣತಮ್ಮಂದಿರು ಮೂವರೂ ಒಣಹುಲ್ಲು ಕಟ್ಟಲು ಹೊಲದಲ್ಲೇ ಉಳಿದಿದ್ದಾರೆ, ಬಂದವರು ಹತ್ತೇ ಜನ, ಹತ್ತರಲ್ಲಿ ಹಲ್ಲಿನವನು ಹೋದ.

ಬಾರೋ ಲಿಯಾಂಡರ್ ಎಂದ ಕ್ಲೀಟಸ್, ಕೈಯಲ್ಲಿ ನಿಕ್‌ನ ಗ್ಲೌಸು. ಬರಬಹುದಿತ್ತು, ಹಾರಿಕೊಂಡೇ ಬರುತ್ತಿದ್ದೆ, ಆದರೆ ನಿಯಮ ಇದೆಯಲ್ಲ, ಲಿಯಾಂಡರ್ ಬ್ಯಾಟನ್ನು ಎದೆಗವಚಿಕೊಂಡು ನಿಯಮ ಹೇಳತೊಡಗಿದ, ಪಾದ್ರಿಗಿಂತ ಚೆನ್ನಾಗಿ ಹೇಳಿದ, ನಾನು ಮೈದಾನಕ್ಕೆ ಇಳಿದ್ರೆ ಆಟ ಮುಗಿಯೋವರೆಗೂ ಡಿ.ಎಚ್. ಇಲ್ಲ, ನಿಕ್‌ನ ಸರದಿಗೆ ಪಿಚರ್ರೇ ಬ್ಯಾಟು ಹಿಡೀಬೇಕು, ಮುಂದೆ ಮೊದಲು ಬರೋದೇ ನಿಕ್‌ನ ಸರದಿ, ಅಲ್ಲ ಕ್ಲೀಟಸ್, ಡ್ಯಾರಿಲ್ ಕೈಗೆ ಬ್ಯಾಟು ಕೊಡ್ತೀಯಾ, ನನ್ನ ಅಕ್ಕನ ಮಗನೇ, ಒಪ್ತೀನಿ, ಚೆಂಡು ಚೆನ್ನಾಗಿ ಎಸೀತಾನೆ, ಬ್ಯಾಟು ಹಿಡಿದ್ರೆ ಕಂಬಳಿ ಧೂಳು ಕೊಡವಿದ ಹಾಗೆ ಬೀಸ್ತಾನೆ. ಪಿಚರ್ ದಿಬ್ಬದ ಮೇಲಿಂದ ಡ್ಯಾರಿಲ್, ಮಾವ, ನನಗೆ ಕೇಳಿಸ್ತಿದೆ ಎಂದ. ಅಂಪೈರು ಪಕ್ಕದ ಕೌಂಟಿಯವನು, ವಾರದ ದಿನಗಳಲ್ಲಿ ಶವಸಂಸ್ಕಾರದ ವ್ಯವಹಾರ ನೋಡಿಕೊಳ್ಳುವವನು, ಕಾದು ಕಾದು ಅಭ್ಯಾಸವಾದ ಮನುಷ್ಯ, ಅವನೂ ಮುಖವಾಡ ತೆಗೆದು ಹತ್ತಿರ ಬಂದ, ನಿಯಮ ನೀವು ಹೇಳಿದ್ದು ಸರಿ ಯಜಮಾನ್ರೇ, ಇನ್ನೊಂದು ನಿಯಮಾನೂ ಇದೆ, ಒಂಬತ್ತು ಜನ ನಿಲ್ಲಿಸಬೇಕು, ಇಲ್ಲಾಂದ್ರೆ ಪಂದ್ಯ ಅವರದ್ದು ಅಂತ ಬರೀತೀನಿ ಎಂದ, ಅಷ್ಟೇ ಮೆತ್ತಗೆ, ಪೆಟ್ಟಿಗೆ ಯಾವ ಮರದ್ದಿರಲಿ ಎಂದು ಕೇಳುವ ದನಿಯಲ್ಲಿ. ಲಿಯಾಂಡರ್ ಕ್ಲೀಟಸ್‌ನ ಕಡೆ ನೋಡಿದ, ನೀನೇ ನಿಲ್ಲಬಾರದಾ ಎನ್ನಲು ನಾಲಿಗೆಯ ತುದಿಗೆ ಬಂತು, ಕ್ಲೀಟಸ್‌ನ ಹೆಸರು ಪಟ್ಟಿಯಲ್ಲಿಲ್ಲ, ಆ ಕಣ್ಣಿನಿಂದಾಗಿ ಹನ್ನೊಂದು ವರ್ಷವಾಯಿತು ಪಟ್ಟಿಯಲ್ಲಿಲ್ಲ, ಅದು ಬೇಡ, ಅದನ್ನು ಯೋಚಿಸುವುದು ಬೇಡ, ಗ್ಲೌಸು ತೆಗೆದುಕೊಂಡ, ಒಳಗೆ ನಿಕ್‌ನ ಬೆವರು ಇನ್ನೂ ಬೆಚ್ಚಗಿದೆ.

ಮೂರನೇ ಬೇಸಿನವರೆಗಿನ ದಾರಿ ಅರವತ್ತು ಹೆಜ್ಜೆ, ಲಿಯಾಂಡರ್ ಅದನ್ನು ಅಮೆರಿಕವನ್ನೇ ದಾಟುವವನಂತೆ ನಡೆದ, ಬೇಲಿಯ ಹಿಂದಿನಿಂದ ಯಾರೋ, ನೋಡ್ರೋ, ವಸ್ತುಸಂಗ್ರಹಾಲಯದಿಂದ ಒಂದನ್ನ ಹೊರಗೆ ತಂದ್ರು ಎಂದರು, ಅವನು ಟೋಪಿ ಎತ್ತಿ ತೋರಿಸಿದ, ಜನ ನಕ್ಕರು, ನಗಲಿ, ನಗುತ್ತಿರುವವರೆಗೆ ಯಾರೂ ಸರಿಯಾಗಿ ನೋಡುವುದಿಲ್ಲ, ಹನ್ನೊಂದು ವರ್ಷ ಹಾಗೆಯೇ ನಡೆದಿದೆ, ಅಭ್ಯಾಸದ ಹೊತ್ತಿಗೆ ನೆಲದಾಟದವರಿಗೆ ಚೆಂಡು ಹೊಡೆದು ಹಿಡಿಸುವವನು ಅವನೇ, ಎಡಗೈಯಿಂದ ಚೆಂಡು ಮೇಲೆ ಚಿಮ್ಮಿ ಬ್ಯಾಟಿನಿಂದ ಮೂರನೆಯದಕ್ಕೆ ಒಂದು, ಎರಡನೆಯದಕ್ಕೆ ಒಂದು, ಏ ಮಂಡಿ ಬಗ್ಗಿಸೋ, ಏ ಕತ್ತು ತಗ್ಗಿಸೋ ಎಂದು ಕೂಗುತ್ತಾ, ಊರಿನ ಅರ್ಧ ಹುಡುಗರು ಅವನ ಹೊಡೆತದಲ್ಲೇ ಚೆಂಡು ಹಿಡಿಯಲು ಕಲಿತದ್ದು, ಅವನು ಎಸೆದದ್ದನ್ನು ಯಾರೂ ಕಂಡಿಲ್ಲ, ಕಂಡಿಲ್ಲವೆಂಬುದನ್ನೂ ಯಾರೂ ಕಂಡಿಲ್ಲ, ಎಷ್ಟು ಜಾಣತನ, ಹಾಗೆ ಹೊಗಳಿಕೊಳ್ಳುವಷ್ಟರಲ್ಲಿ ಅಂಪೈರು ಹೊಸಬನಿಗೆ ಐದು ಎಸೆತ ಅಭ್ಯಾಸಕ್ಕೆ ಎಂದ, ಡ್ಯಾರಿಲ್ ಅವನ ಕಡೆ ಚೆಂಡು ಉರುಳಿಸಿದ, ಬಗ್ಗಿದ, ಮೊಣಕಾಲು ಹಳೆಯ ಬಾಗಿಲಿನಂತೆ ಕಿರುಗುಟ್ಟಿತು, ಆದರೆ ಚೆಂಡು ಗ್ಲೌಸಿನೊಳಗೆ ತಾನಾಗಿ ಬಂದು ಕೂತಿತು, ಹಿಡಿಯುವ ಕೈ ಇದೆ, ಇನ್ನೂ ಇದೆ, ಎದ್ದು ನಿಂತು ಮೊದಲ ಬೇಸಿನ ಕಡೆ ತಿರುಗಿದ, ಅಲ್ಲಿ ಮಾರ್ವಿನ್ ನಿಂತಿದ್ದ, ಡೈರಿಯಲ್ಲಿ ಬೆಣ್ಣೆ ಕಡೆಯುವ ಉದ್ದನೆಯ ಮನುಷ್ಯ, ಒಂದು ಕಾಲು ಬೇಸಿನ ಮೇಲೆ, ಒಂದು ಕೈ ಮುಂದೆ, ಕೈಯಲ್ಲಿ ಮೊದಲ ಬೇಸಿನವರ ಆ ದೊಡ್ಡ ಗ್ಲೌಸು, ಬಾಯಿ ತೆರೆದು ನಿಂತಿತ್ತು.

ಎಸೆಯಬೇಕು. ಬೆರಳು ಹೊಲಿಗೆಯ ಮೇಲೆ ಇದೆ, ಮೊಣಕೈ ಮೇಲೆದ್ದಿದೆ, ಅಲ್ಲಿಗೆ ನಿಂತಿತು, ಕೈ ತನ್ನದಲ್ಲ ಎಂಬಂತೆ, ಲಾರಿಯ ಗೇರು ಸಿಕ್ಕಿಕೊಂಡಂತೆ, ಲಿಯಾಂಡರ್ ಚೆಂಡನ್ನು ಡ್ಯಾರಿಲ್‌ಗೆ ಮೆಲ್ಲಗೆ ಚಿಮ್ಮಿ, ಬಿಸಿಲು ಕಣ್ಣಿಗೆ ಹೊಡೀತಿದೆ ಎಂದ, ಸೂರ್ಯ ಅವನ ಬೆನ್ನಿಗಿದ್ದ, ಎರಡನೆಯದು ಬಂತು, ಹಿಡಿದ, ತಿರುಗಿದ, ಗ್ಲೌಸು ಬಾಯಿ ತೆರೆದಿತ್ತು, ಚೆಂಡಿಗೆ ಮಣ್ಣು ಮೆತ್ತಿದೆ ಎಂದು ಪ್ಯಾಂಟಿಗೆ ಒರೆಸಿ ಒರೆಸಿ ಮತ್ತೆ ಡ್ಯಾರಿಲ್‌ಗೇ ಕೊಟ್ಟ, ಮೂರನೆಯದಕ್ಕೆ ಶೂ ಲಾಡಿ ಬಿಚ್ಚಿತು, ಎಂದರೆ ಅವನೇ ಬಿಚ್ಚಿದ, ಮಾರ್ವಿನ್ ತಾಳ್ಮೆಯವನು, ಬೆಣ್ಣೆ ಕಡೆಯುವವನಲ್ಲವೇ, ಕೈ ಚಾಚಿಕೊಂಡೇ ಇದ್ದ, ತೊಂಬತ್ತು ಅಡಿ ಬೇಸಿನಿಂದ ಬೇಸಿಗೆ, ಅಡ್ಡಡ್ಡ ಎಸೆದರೆ ನೂರಿಪ್ಪತ್ತೇಳು, ಹನ್ನೊಂದು ವರ್ಷದ ಹಿಂದೆ ಅಲ್ಲಿ ಕ್ಲೀಟಸ್ ನಿಂತಿದ್ದ, ಎರಡೂ ಕಣ್ಣಿನ ಕ್ಲೀಟಸ್, ಹೀಗೇ ಗ್ಲೌಸು ಚಾಚಿ, ಆಗಸ್ಟ್, ಇಂಥದೇ ಭಾನುವಾರ, ಲಿಯಾಂಡರ್ ಎಸೆದ ಚೆಂಡಿನ ವೇಗಕ್ಕೆ ಗ್ಲೌಸು ಮುಚ್ಚಿಕೊಳ್ಳಲೂ ಸಮಯವಾಗಲಿಲ್ಲ, ಪಾಪ, ಕ್ಲೀಟಸ್ ಬೇರೆ ಆ ಕ್ಷಣ ಪ್ರೇಕ್ಷಕರ ಕಡೆ ನೋಡಿಬಿಟ್ಟ, ಹಾಗೆಂದು ಹೇಳಿ ಹೇಳಿ ಹೆಂಗಸರೂ ಮಕ್ಕಳೂ ಅದನ್ನೇ ಹೇಳುತ್ತಾರೆ ಈಗ, ಲಿಯಾಂಡರ್‌ನ ತೋಳು ಅಂದ್ರೆ ತೋಳು, ಹಾಗಲ್ಲ, ಹಾಗಲ್ಲ, ಈಗ ಮೊದಲ ಬೇಸಿನಿಂದ ಅದೇ ಗ್ಲೌಸು ನೋಡುತ್ತಿದೆ, ಬಾಯಿ ತೆರೆದು, ಅದರ ಮೇಲೆ ಒಂದು ಮುಖ ಇದೆ, ಮಾರ್ವಿನ್‌ಗೆ ಎರಡು ವರ್ಷದ ಮಗಳಿದ್ದಾಳೆ.

ಕ್ಲೀಟಸ್ ಗೆರೆ ದಾಟಿ ಮೈದಾನದೊಳಗೆ ಬಂದ, ನಿಧಾನವಾಗಿ, ಮೇವಿನ ಚೀಟಿ ಜೇಬಿಗೆ ತುರುಕುತ್ತಾ, ಬಂದವನು ಲಿಯಾಂಡರ್‌ನ ಬಲಗಡೆ ನಿಂತ, ಹಾಗೆ ನಿಂತರೆ ಅರೆಮುಚ್ಚಿದ ಕಣ್ಣೇ ಇವನ ಕಡೆಗಿತ್ತು, ಎಸಿಯೋ ಎಂದ, ಎಲ್ಲರೂ ಕಾಯ್ತಿದ್ದಾರೆ. ಲಿಯಾಂಡರ್‌ನ ಬಾಯಲ್ಲಿ ಸುಳ್ಳುಗಳು ಹಾಲು ಕರೆಯಲು ನಿಂತ ಹಸುಗಳಂತೆ ಸಾಲಾಗಿ ಬಂದು ನಿಂತವು, ಭುಜದ ನರ ಎಳೆದಿದೆ, ಲಾರಿಯ ಪೈಪು ಎತ್ತುವಾಗ ಮಣಿಕಟ್ಟು ಉಳುಕಿದೆ, ಡಾಕ್ಟರು ಬೇಡ ಅಂದಿದ್ದಾರೆ, ಡಾಕ್ಟರಿಗೆ ಹೆಸರೂ ರೆಡಿ ಇತ್ತು, ಭುಜ ಎಂದರೆ ಸಾಕು, ಕ್ಲೀಟಸ್ ನಂಬುತ್ತಾನೆ, ಅವನು ಯಾವತ್ತೂ ನಂಬುವವನಂತೆಯೇ ಇರುತ್ತಾನೆ, ನಂಬುವವನಂತೆ, ಆ ಮಾತು ತಲೆಯೊಳಗೆ ಎಡವಿತು, ಇಷ್ಟು ವರ್ಷ ಇವನು ಹೌದಪ್ಪ ಹೌದು ಎಂದು ಚೀಟಿ ಮಡಚಿದ್ದು ನಂಬಿಯೇ?

ನನ್ನ ಕೈಯಲ್ಲಿ ಅಲ್ಲಿಗೆ ಎಸಿಯೋಕೆ ಆಗಲ್ಲ ಕ್ಲೀಟಸ್, ಎಂದ ಲಿಯಾಂಡರ್.

ಭುಜನಾ?

ಭುಜ ಕಲ್ಲಿನ ಹಾಗಿದೆ. ಅವತ್ತಿಂದ ಆಗಲ್ಲ. ಮೊದಲ ಬೇಸಿನ ಕಡೆ ತಿರುಗಿದ್ರೆ ಕೈ ನಿಂತುಹೋಗತ್ತೆ. ಡಿ.ಎಚ್. ಬೇಕು ಅಂತ ನೀನು ಕೇಳಿದ್ದಲ್ಲ, ನಾನೇ ಹೋಗಿ ಬಚ್ಚಿಟ್ಟುಕೊಂಡಿದ್ದು. ಅವನು ಗಂಟಲು ಸರಿಮಾಡಿಕೊಂಡ, ಇನ್ನೂ ಇತ್ತು, ಹೊರಗೆ ಬರದೆ ಬಿಡುವುದಿಲ್ಲ. ಅವತ್ತು ನನ್ನ ಎಸೆತ ಗುಂಡಿನ ಹಾಗಿತ್ತು ಅಂತ ಊರಿಗೆಲ್ಲ ಹೇಳ್ಕೊಂಡು ಬಂದೆ. ಗುಂಡೂ ಇಲ್ಲ, ಏನೂ ಇಲ್ಲ. ಸೊಟ್ಟಗೆ ಬಂತು, ನಿನ್ನ ಮುಂದೆ ನೆಲಕ್ಕೆ ಬಿದ್ದು ಎಗರಿ ಕಣ್ಣಿಗೆ ಬಡೀತು. ನೀನು ಎಲ್ಲೋ ನೋಡ್ತಿದ್ದೆ ಅಂತಾನೂ ಹೇಳ್ದೆ. ನೀನು ನನ್ನನ್ನೇ ನೋಡ್ತಿದ್ದೆ.

ಕ್ಲೀಟಸ್ ಪೂರ್ತಿ ತಲೆ ತಿರುಗಿಸಿದ, ಒಳ್ಳೆಯ ಕಣ್ಣು ಇವನ ಮೇಲೆ ಬರುವವರೆಗೆ ತಿರುಗಿಸಿದ. ಗೊತ್ತು ಕಣೋ. ಆ ಚೆಂಡು ಬರೋದನ್ನ ನನಗಿಂತ ಚೆನ್ನಾಗಿ ನೋಡಿದೋರು ಯಾರಿದ್ದಾರೆ.

ಮತ್ತೆ ಯಾಕೆ ಹೇಳಲಿಲ್ಲ?

ನೀನು ಹೇಳ್ತೀಯಾ ಅಂತ ಕಾಯ್ತಿದ್ದೆ. ಹನ್ನೊಂದು ವರ್ಷ ಹಿಡಿಯತ್ತೆ ಅಂತ ಗೊತ್ತಿರಲಿಲ್ಲ. ಕ್ಲೀಟಸ್ ಮೂಗು ಒರೆಸಿಕೊಂಡ. ಹಿಡಿಯೋಕಾದ್ರೂ ಆಗತ್ತಾ?

ಸಿಡಿಲನ್ನೇ ಹಿಡೀತೀನಿ, ಎರಡು ಬೆರಳಲ್ಲಿ, ಎಂದು ಬಾಯಿ ತೆರೆದವನು ಅದನ್ನು ಬೀಜದ ಸಿಪ್ಪೆಯಂತೆ ನುಂಗಿಕೊಂಡ. ಹಿಡೀಬಹುದು ಅನ್ಸತ್ತೆ, ಎಂದ.

ಮಾರ್ವಿನ್, ನೀನು ಈ ಕಡೆ ಬಾ, ಮೂರನೇದಕ್ಕೆ, ಎಂದು ಕೂಗಿದ ಕ್ಲೀಟಸ್, ನಿನ್ನ ಗ್ಲೌಸು ಅವನಿಗೆ ಕೊಡು— ಇಷ್ಟೇ, ಇಷ್ಟು ಸುಲಭ, ಮೈದಾನದ ನಡುವೆ ಇಬ್ಬರೂ ಎದುರಾದಾಗ ಗ್ಲೌಸು ಬದಲಾಯಿಸಿಕೊಂಡರು, ನಿಧಾನವಾಗಿ ಎಸಿತೀನಿ ಕಣಣ್ಣ ಎಂದ ಮಾರ್ವಿನ್, ಬೇಡ, ಎಸೆಯೋ ಹಾಗೇ ಎಸಿ ಎಂದ ಲಿಯಾಂಡರ್, ಜನಕ್ಕೆ ಏನೂ ಅರ್ಥವಾಗಲಿಲ್ಲ, ಮೊದಲ ಬೇಸಿನಲ್ಲಿ ನಿಂತಿದ್ದ ಬಿರ್ಚ್‌ಹೋಮ್‌ನವನು, ನಮಸ್ಕಾರ ಯಜಮಾನ್ರೇ, ದಾರಿ ತಪ್ಪಿತಾ ಎಂದ, ಹೌದಪ್ಪ, ತುಂಬಾ ವರ್ಷ ಎಂದ ಲಿಯಾಂಡರ್, ಡ್ಯಾರಿಲ್ ಕಾಲೆತ್ತಿದ, ಮಾವ, ನೋಡ್ಕೋ ಎನ್ನುವಂತೆ ಒಮ್ಮೆ ಓರೆಗಣ್ಣು ಹಾಯಿಸಿ ಎಸೆದ, ಇನ್ನು ಸ್ವಲ್ಪ ಹೊತ್ತಿಗೆ ಅವನೇ ಬ್ಯಾಟು ಹಿಡಿಯಬೇಕು, ಹಿಡಿಯಲಿ, ಕಂಬಳಿ ಕೊಡವಿದಂತೆ ಬೀಸಿದರೂ ಒಂದೊಂದು ಸಲ ಸಿಕ್ಕಿಬಿಡುತ್ತದೆ, ಟಕ್, ನೆಲಕ್ಕಂಟಿ ಮೂರನೇ ಬೇಸಿನ ಕಡೆಗೇ, ಬಲಕ್ಕೆ, ಮಾರ್ವಿನ್ ಉದ್ದಕ್ಕೆ ಚಾಚಿ ಬಾಚಿಕೊಂಡ, ಎದ್ದ, ತಿರುಗಿದ, ಲಿಯಾಂಡರ್‌ನ ಪಾದ ಬೇಸನ್ನು ಹುಡುಕಿತು, ಸಿಕ್ಕಿತು, ಹೀಗಿತ್ತೇ, ಕ್ಲೀಟಸ್‌ಗೆ ಅವತ್ತು ಹೀಗೆ ಕಂಡಿತ್ತೇ, ಅಷ್ಟು ದೂರದಲ್ಲಿ ಒಬ್ಬ ಮನುಷ್ಯನ ಕೈ ಮೇಲೇಳುವುದು, ಬಿಳಿಯದೊಂದು ಚುಕ್ಕೆ ಬೆರಳಿಂದ ಬಿಡಿಸಿಕೊಳ್ಳುವುದು, ದೊಡ್ಡದಾಗುತ್ತಿದೆ, ಕಣ್ಣು ಮುಚ್ಚಬಾರದು, ಮುಚ್ಚುವುದಿಲ್ಲ, ಗ್ಲೌಸು ಮುಂದೆ, ಇನ್ನೂ ಮುಂದೆ, ಬಾಯಿ ತೆರೆದಿದೆ, ತನ್ನ ಕೈಯ ಗ್ಲೌಸು, ಬಾಯಿ ತೆರೆದು