ಹಳದಿ ಕ್ಯಾನಿನ ಗುರುತು

ಸೂಜಿಗೆ ದಾರ ಪೋಣಿಸುವುದು ಕಷ್ಟವಾಗತೊಡಗಿದ ಮೇಲೆ ನಾಬುಕೀರಳಿಗೆ ಮನೆ ಕೊಂಡು ಬಾಡಿಗೆಗೆ ಕೊಡುವ ಹುಚ್ಚು ಹಿಡಿಯಿತು. ಅವಳು ಹೊಲಿದ ಗೊಮೆಸಿ ಎಂಬ ಉದ್ದನೆಯ ಹಬ್ಬದ ಉಡುಪು ಉಟ್ಟು ಕಂಪಾಲದ ಎಷ್ಟೋ ತಾಯಂದಿರು ತಮ್ಮ ಹೆಣ್ಣುಮಕ್ಕಳ ನಿಶ್ಚಿತಾರ್ಥಗಳಲ್ಲಿ ಮೆರೆದಿದ್ದರು. ಗೊಮೆಸಿಯ ಭುಜವನ್ನು ಮೊನಚಾಗಿ ಎತ್ತಿ ನಿಲ್ಲಿಸುವ ಕೈ ಈಗಲೂ ಗಟ್ಟಿಯಾಗಿತ್ತು. ಕೈಕೊಟ್ಟದ್ದು ಕಣ್ಣು.

ಹೊಲಿಗೆಯಲ್ಲಿ ಉಳಿಸಿದ್ದು, ಅಪ್ಪ ಬಿಟ್ಟುಹೋದ ಬಾಳೆತೋಟ ಮಾರಿ ಬಂದದ್ದು ಎರಡೂ ಸೇರಿದರೆ ಒಂದು ಸಣ್ಣ ವಠಾರ ಕೊಳ್ಳಬಹುದಿತ್ತು. ಅದೂ ಒಂದೇ ಸಲ. ಎಡವಿದರೆ ಮಾರಲು ಇನ್ನೊಂದು ತೋಟವಿಲ್ಲ, ಹೊಲಿಯಲು ಇನ್ನೊಂದು ಜೊತೆ ಕಣ್ಣಿಲ್ಲ.

ಅವಳ ಭಾಷೆಯಲ್ಲಿ ವಠಾರದ ಒಂಟಿ ಕೋಣೆಗೂ ತುಪ್ಪಕ್ಕೂ ಒಂದೇ ಹೆಸರು, ಮುಜಿಗೊ. ಬಾಡಿಗೆ ಎಂದರೆ ಕೂತಲ್ಲಿಗೇ ಬಂದು ತಟ್ಟೆಗೆ ಬೀಳುವ ತುಪ್ಪ ಎಂದು ಊರಿನವರೆಲ್ಲ ನಂಬಿರುವುದಕ್ಕೆ ಆ ಪದವೇ ಕಾರಣವಿರಬೇಕು. ತುಪ್ಪಕ್ಕೆ ಮೊದಲು ಹಸು ಸಾಕಬೇಕು, ಸಗಣಿ ಬಾಚಬೇಕು ಎಂಬುದು ಯಾರ ತಲೆಗೂ ಹೋಗುವುದಿಲ್ಲ.

ಯಾರನ್ನು ಕೇಳುವುದು? ಅಲ್ಲಿ ಮದುವೆಯಾಗುವ ಹುಡುಗಿಗೆ ಸಂಸಾರದ ಗುಟ್ಟುಗಳನ್ನೆಲ್ಲ ಹೇಳಿಕೊಡುವವಳು ಸೆಂಗಾ, ಅಂದರೆ ಸೋದರತ್ತೆ. ಐವತ್ತರ ಹೊಸ್ತಿಲಲ್ಲಿದ್ದ ನಾಬುಕೀರ ಮದುಮಗಳಂತೆ ಮತ್ತೊಮ್ಮೆ ತನ್ನ ಸೆಂಗಾಳ ಚಾಪೆಯ ಮುಂದೆ ಮಂಡಿಯೂರಿ ಕೂತಳು.

"ಸೆಂಗಾ, ಒಂದು ವಠಾರ ತಗೋಬೇಕು ಅಂತಿದೀನಿ. ನೀವು ಯಾವತ್ತಾದ್ರೂ ಮನೆ ಕೊಂಡಿದೀರಾ?"

"ಇಲ್ಲ. ಗಂಡನ್ನ ಆರಿಸಿದೀನಿ. ನನಗೆ ಎರಡು ಸಲ, ಊರಿನ ಹುಡುಗೀರಿಗೆ ಲೆಕ್ಕವೇ ಇಲ್ಲ. ಎರಡೂ ಒಂದೇ ಕಣೇ." ಮುದುಕಿ ಕಡಲೆಕಾಯಿ ಬಿಡಿಸುತ್ತಲೇ ಹೇಳಿದಳು. "ಮುಂಚೆನೇ ಹೇಳಿ ಕಳಿಸಿ ಹೋದ್ರೆ ಗಂಡು ಸ್ನಾನ ಮಾಡ್ಕೊಂಡು, ಕ್ರಾಪು ತೀಡ್ಕೊಂಡು ಕೂತಿರ್ತಾನೆ. ಹೇಳದೆ ಹೋಗು. ಮಳೆ ನಿಂತ ಮೇಲೆ ಹೋಗು. ಹಿತ್ತಲಿಗೆ ಹೋಗಿ ಕಕ್ಕಸಿನ ಗುಂಡಿ ಎಷ್ಟು ತುಂಬಿದೆ ಬಗ್ಗಿ ನೋಡು. ಮೂಗು ಬೇಕಾದ್ರೆ ಮುಚ್ಕೋ, ಕಣ್ಣು ಮುಚ್ಕೋಬೇಡ. ಆಸ್ತಿ ಅವನೊಬ್ಬನದಾ, ಅಣ್ಣತಮ್ಮಂದಿರು ಆಮೇಲೆ ಎದ್ದು ಬರ್ತಾರಾ ವಿಚಾರಿಸು. ಕೊನೆಗೆ ಒಂದು ಮಾತು, ಅದು ಮುಖ್ಯ."

"ಏನು?"

"ಇಷ್ಟು ಚೆನ್ನಾಗಿರೋನು ಇನ್ನೂ ಯಾಕೆ ಖಾಲಿ ಕೂತಿದಾನೆ ಅಂತ ಕೇಳು."

ನಾಬುಕೀರ ತಲೆಯಾಡಿಸಿ ಬಂದಳು, ಬಂದು ಮೊದಲ ಮಾತನ್ನೇ ಮುರಿದಳು. ಗುಡ್ಡದ ಮೇಲೊಂದು ಎಂಟು ಬಾಗಿಲ ವಠಾರ ಮಾರಾಟಕ್ಕಿತ್ತು. ಅದರ ಒಡೆಯ ಮುಕೀಬಿ ಕೋಟು ಹಾಕುವ, ಬೆಣ್ಣೆಯಂತೆ ಮಾತಾಡುವ ಮನುಷ್ಯ. "ಭಾನುವಾರ ಇಗರ್ಜಿ ಮುಗಿಸ್ಕೊಂಡು ಬನ್ನಿ ಅಮ್ಮಾ, ಬಾಡಿಗೆದಾರರೆಲ್ಲ ಮನೇಲಿರ್ತಾರೆ" ಎಂದಿದ್ದ. ಅವಳು ಒಪ್ಪಿ ಸೆಂಗಾಳನ್ನೂ ಜೊತೆಗೆ ಹೊರಡಿಸಿದಳು. ಸೆಂಗಾ ದಾರಿಯುದ್ದಕ್ಕೂ ಗೊಣಗಿದಳು.

ವಠಾರ ನೋಡಿ ನಾಬುಕೀರಳ ಬಾಯಲ್ಲಿ ನೀರೂರಿತು. ಗೋಡೆಗಳು ಗಟ್ಟಿ, ನೆಲ ಎತ್ತರ. ಎಂಟು ಬಾಗಿಲಿಗೂ ಪರದೆ, ಪ್ರತಿ ಪರದೆಯ ಮುಂದೆ ಚಪ್ಪಲಿ, ಪಕ್ಕದಲ್ಲಿ ನೀರಿನ ಹಳದಿ ಕ್ಯಾನುಗಳ ಸಾಲು. ಹೆಂಗಸರು ಒಬ್ಬೊಬ್ಬರಾಗಿ ಹೊರಬಂದು ಮಂಡಿಯೂರಿ ನಮಸ್ಕರಿಸಿದರು.

"ನೋಡಿ ಅಮ್ಮಾ, ಒಂದು ಕೋಣೆನೂ ಖಾಲಿ ಇಲ್ಲ" ಎಂದ ಮುಕೀಬಿ. "ನೀವು ಸುಮ್ನೆ ಕಾಲು ಚಾಚ್ಕೊಂಡು ಕೂತ್ಕೊಳ್ಳಿ. ಬಾಡಿಗೆ ತಾನಾಗೇ ಬಂದು ಮಡಿಲಿಗೆ ಬೀಳುತ್ತೆ."

"ಇಲ್ಲಿ ಏನಾದ್ರೂ ತೊಂದರೆ ಇದೆಯಾ?" ಎಂದು ನಾಬುಕೀರ ಹೆಂಗಸರನ್ನು ಕೇಳಿದಳು.

"ಏನೂ ಇಲ್ಲಮ್ಮಾ. ಸ್ವರ್ಗ!" ಎಂದರು ಎಲ್ಲರೂ ಒಂದೇ ರಾಗದಲ್ಲಿ.

ಅಲ್ಲಿಗೆ ಅವಳ ಕಿವಿ ನೆಟ್ಟಗಾಯಿತು. ಅರ್ಧ ಆಯಸ್ಸು ಬಾಡಿಗೆ ಕೋಣೆಗಳಲ್ಲೇ ಕಳೆದವಳು ಅವಳು. ಒಡೆಯರ ಕಡೆಯವರು ಕಂಡರೆ ಸಾಕು, ಇಲಿ, ಸೋರಿಕೆ, ಪಕ್ಕದ ಮನೆಯವನ ರೇಡಿಯೋ ಎಂದು ವಠಾರಕ್ಕೆ ವಠಾರವೇ ಮುಗಿಬೀಳುತ್ತಿತ್ತು. ದೂರಿಲ್ಲದ ಬಾಡಿಗೆದಾರರನ್ನು ಅವಳು ಈ ಭೂಮಿಯ ಮೇಲೆ ಕಂಡಿರಲಿಲ್ಲ. ಸ್ವರ್ಗದಲ್ಲೂ ಇದ್ದಾರೆಂಬ ನಂಬಿಕೆ ಅವಳಿಗಿರಲಿಲ್ಲ.

ಅವಳ ಕಣ್ಣು ಮತ್ತೆ ಕ್ಯಾನುಗಳ ಮೇಲೆ ಬಿತ್ತು. ಸೂಜಿಯ ಕಣ್ಣು ಕಾಣದಿದ್ದರೂ ಇದು ಕಂಡಿತು. ಯಾವ ಕ್ಯಾನಿನ ಮೇಲೂ ಗುರುತಿರಲಿಲ್ಲ! ನಲ್ಲಿಯ ಹತ್ತಿರ ಊರಿನ ಹಳದಿ ಕ್ಯಾನುಗಳೆಲ್ಲ ಸಾಲುಗಟ್ಟಿರುವಾಗ ತನ್ನದು ಯಾವುದೆಂದು ಗೊತ್ತಾಗಬೇಡವೇ? ಒಬ್ಬರು ಬಣ್ಣ ಬಳಿಯುತ್ತಾರೆ, ಒಬ್ಬರು ಕಾಯಿಸಿದ ಚಾಕುವಿನಿಂದ ಹೆಸರು ಸುಡುತ್ತಾರೆ. ನಾಬುಕೀರಳ ಕ್ಯಾನಿನ ಹಿಡಿಕೆಗೆ ಗೊಮೆಸಿಯ ಕೆಂಪು ಚೂರು ಕಟ್ಟಿತ್ತು. ಗುರುತಿಲ್ಲದ ಕ್ಯಾನು ನಲ್ಲಿಯಿಂದ ವಾಪಸು ಬರುವುದಿಲ್ಲ, ಬಂದರೂ ಜಗಳದ ಜೊತೆಗೆ ಬರುತ್ತದೆ.

ಅವಳು ಒಂದನ್ನು ಎತ್ತಿ ನೋಡಿದಳು. ಹಗುರ. ಒಳಗೆ ಹೊಸ ಪ್ಲಾಸ್ಟಿಕ್ಕಿನ ವಾಸನೆ.

"ನಿನ್ನ ಹೆಸರೇನಮ್ಮ?" ಎಂದು ಹತ್ತಿರವಿದ್ದ ತರುಣಿಯನ್ನು ಕೇಳಿದಳು.

"ನಮುಲಿ."

"ಇದರಲ್ಲಿ ನಿನ್ನ ಕ್ಯಾನು ಯಾವುದು ನಮುಲಿ?"

ನಮುಲಿ ತಡವರಿಸಿ ಒಂದರ ಮೇಲೆ ಕೈಯಿಟ್ಟಳು. ಸಹಾಯಕ್ಕೆಂದು ಪಕ್ಕದ ಬಾಗಿಲವಳು ಇನ್ನೊಂದನ್ನು ತೋರಿಸಿದಳು. ಅದರಾಚೆಯವಳು, "ಅಯ್ಯೋ, ಅದು ನಂದು ಅಂದಿದ್ರಲ್ಲೇ" ಎಂದು ಬಾಯಿಬಿಟ್ಟು ನಾಲಗೆ ಕಚ್ಚಿಕೊಂಡಳು.

ಸೆಂಗಾ ತಲೆಬಟ್ಟೆ ಜಾರುವಷ್ಟು ನಕ್ಕಳು. ಮುಕೀಬಿಯ ಮುಖ ಹುಳ್ಳಗಾಯಿತು.

"ನಿಶ್ಚಿತಾರ್ಥಕ್ಕೆ ನೆಂಟರು ಸಾಲದೆ ಹೋದ್ರೆ ಜನ ದುಡ್ಡು ಕೊಟ್ಟು ಕರ್ಕೊಂಡು ಬರಲ್ವಾ ಅಮ್ಮಾ?" ಎಂದ ಅವನು ಕೋಟಿನ ಗುಂಡಿ ತಿರುವುತ್ತ. "ಇದೂ ಹಾಗೇ ಅಂದ್ಕೊಳ್ಳಿ."

"ಬಾಡಿಗೆ ಮನೆಗೆ ಬಾಡಿಗೆ ನೆಂಟರು!" ಎಂದಳು ಸೆಂಗಾ. "ಮೆಚ್ಚಿದೆ ಕಣಪ್ಪ. ನಿನ್ನ ಕೋಟೂ ಬಾಡಿಗೇದೋ ಹೇಗೆ? ನಡಿ ಮಗಳೇ, ಹೋಗೋಣ."

ನಾಬುಕೀರಳಿಗೆ ಅಳು, ಸಿಟ್ಟು ಒಟ್ಟಿಗೇ ಬಂದವು. ಮುಕೀಬಿಯ ಮೇಲೆ ಸಿಟ್ಟು, ಅದಕ್ಕಿಂತ ಹೆಚ್ಚು ತನ್ನ ಮೇಲೆ. ಅಪ್ಪನ ತೋಟದ ದುಡ್ಡು ಒಂದು ಮಧ್ಯಾಹ್ನದಲ್ಲಿ ಕೈಬಿಟ್ಟು ಹೋಗುವುದರಲ್ಲಿತ್ತಲ್ಲ! ಅವಳು ಸೆಂಗಾಳ ಹಿಂದೆ ನಾಲ್ಕು ಹೆಜ್ಜೆ ಹಾಕಿದಳು. ಆದರೆ ಕುತೂಹಲವೆಂಬುದು ಕಾಲಿಗೆ ತೊಡರುವ ಬೆಕ್ಕಿನ ಹಾಗೆ, ಬಿಡಲಿಲ್ಲ. ಕೇಳಬೇಕಾಗಿದ್ದ ಮುಖ್ಯ ಮಾತನ್ನು ಅವಳಿನ್ನೂ ಕೇಳಿಯೇ ಇರಲಿಲ್ಲ.

ಅವಳು ತಿರುಗಿ ಬಂದು ನಮುಲಿಯ ಎದುರು ನಿಂತಳು. "ಗೋಡೆ ಗಟ್ಟಿಯಾಗಿದೆ, ಗಾಳಿ ಬೆಳಕು ಇದೆ. ನಿಜ ಹೇಳು, ಇಲ್ಲಿ ಯಾರೂ ಯಾಕೆ ಇರಲ್ಲ?"

ನಮುಲಿ ಮುಕೀಬಿಯತ್ತ ನೋಡಿದಳು. ಅವನು ಆಕಾಶ ನೋಡುತ್ತಿದ್ದ.

"ನಲ್ಲಿ ಗುಡ್ಡದ ಬುಡದಲ್ಲಿದೆ ಅಮ್ಮಾ. ತುಂಬಿದ ಕ್ಯಾನು ತಲೆ ಮೇಲಿಟ್ಕೊಂಡು ಇದನ್ನ ಹತ್ತಿ ನೋಡಿ. ಮಳೆಗಾಲದಲ್ಲಿ ಮೊದಲು ಕ್ಯಾನು ಜಾರುತ್ತೆ, ಹಿಂದೆನೇ ಹೊತ್ತವರು."

ನಾಬುಕೀರ ಒಂದು ಹೊಸ ಕ್ಯಾನು ಎತ್ತಿಕೊಂಡು ಇಳಿದೇಬಿಟ್ಟಳು. "ನಿನಗೇನು ಬಂತೇ!" ಎಂದು ಸೆಂಗಾ ಮೇಲಿನಿಂದ ಕೂಗಿದಳು. ತುಂಬಿಸಿ ಹೊತ್ತು ಹತ್ತುವಾಗ ಅರ್ಧಕ್ಕೇ ಅವಳ ಉಸಿರು ಸಿಕ್ಕಿಕೊಂಡಿತು, ಭಾನುವಾರದ ಬಟ್ಟೆ ನೆನೆಯಿತು. ಮೇಲೆ ಬಂದು ಕ್ಯಾನು ಇಳಿಸಿ ಏದುಸಿರು ಬಿಡುತ್ತಾ ಕೇಳಿದಳು:

"ನಲ್ಲಿ ಇಲ್ಲಿಗೇ ಬಂದ್ರೆ?"

"ನಾಳೇನೇ ಗಂಟುಮೂಟೆ ಕಟ್ಕೊಂಡು ಬರ್ತೀನಿ" ಎಂದಳು ನಮುಲಿ. "ನಾವಿರೋ ತಗ್ಗಲ್ಲಿ ಮಳೆ ಬಂದ್ರೆ ಮಂಚದ ಕೆಳಗೆ ಚಪ್ಪಲಿ ತೇಲುತ್ತೆ." ಉಳಿದವರೂ ತಲೆಯಾಡಿಸಿದರು, ಈ ಸಲ ಯಾರೂ ಹೇಳಿಕೊಡದೆ.

ಮರುದಿನ ನಾಬುಕೀರ ನೀರಿನ ಕಚೇರಿಯಲ್ಲಿ ವಿಚಾರಿಸಿದಳು. ದೊಡ್ಡ ಕೊಳವೆ ಹಿಂದಿನ ಬೀದಿಯವರೆಗೆ ಬಂದಿತ್ತು, ಮುಕೀಬಿ ಜಿಪುಣತನದಿಂದ ಅದನ್ನು ವಠಾರಕ್ಕೆ ಎಳೆಸಿಕೊಂಡಿರಲಿಲ್ಲ ಅಷ್ಟೇ. ಆಸ್ತಿಪತ್ರವನ್ನು ವಕೀಲರಿಗೆ ತೋರಿಸಿದಳು. ಅವನ ಅಣ್ಣತಮ್ಮಂದಿರನ್ನೆಲ್ಲ ಬೀದಿ ಸಮಿತಿಯ ಅಧ್ಯಕ್ಷರ ಮುಂದೆ ಕೂರಿಸಿ ಒಪ್ಪಿಗೆ ಪಡೆದಳು. ಮೂಗು ಮುಚ್ಚಿಕೊಂಡು ಗುಂಡಿಯೊಳಗೂ ಬಗ್ಗಿ ನೋಡಿದಳು. ಆಮೇಲೆ ಮುಕೀಬಿಯ ಎದುರು ಕೂತಳು.

"ನೀರಿಲ್ಲದ ಮನೆಯ ಬೆಲೆ ಹೇಳಿ ಸ್ವಾಮಿ. ನೀರಿರೋ ಮನೆ ನಾನು ಮಾಡ್ಕೋತೀನಿ."

ಮುಕೀಬಿ ಕೊಸರಾಡಿದ, ನಿಟ್ಟುಸಿರಿಟ್ಟ, ಬೆಲೆ ಇಳಿಸಿದ.

ಮಳೆಗಾಲ ಶುರುವಾಗುವ ಹೊತ್ತಿಗೆ ನಲ್ಲಿ ಬಂತು. ಒಂದು ಬೆಳಿಗ್ಗೆ, ರಾತ್ರಿಯ ಮಳೆ ಆಗಷ್ಟೇ ನಿಂತಿದ್ದಾಗ, ನಾಬುಕೀರ ಯಾರಿಗೂ ಹೇಳದೆ ವಠಾರಕ್ಕೆ ಹೋದಳು. ದೂರದಿಂದಲೇ ಜಗಳ ಕೇಳಿಸಿತು. ನಲ್ಲಿಯ ಸುತ್ತ ಹಳದಿ ಕ್ಯಾನುಗಳು, ಒಂದಕ್ಕೆ ನೀಲಿ ಪಟ್ಟಿ, ಒಂದಕ್ಕೆ ಸುಟ್ಟ ಅಕ್ಷರ, ಒಂದರ ಹಿಡಿಕೆಗೆ ಹಳೇ ಕಾಲುಚೀಲ. ಯಾರ ಸರದಿ ಎಂದು ಇಬ್ಬರು ಹೆಂಗಸರು ಕೂಗಾಡುತ್ತಿದ್ದರು. ಅವಳು ಅಲ್ಲೇ ನಿಂತು ಆ ಕೂಗಾಟವನ್ನು ಆಸೆಯಿಂದ ಕೇಳಿದಳು.

ನಮುಲಿ ಅವಳನ್ನು ಕಂಡು ಧಾವಿಸಿ ಬಂದಳು. ಮಂಡಿಯೂರುವುದನ್ನು ಮರೆತೇಬಿಟ್ಟಿದ್ದಳು, ಕೈ ಸೊಂಟದ ಮೇಲಿತ್ತು.

"ಬಂದ್ರಾ? ರಾತ್ರಿಯೆಲ್ಲ ಮಾಡು ಸೋರಿದೆ, ಬನ್ನಿ ನೋಡಿ! ಇಲಿ ಬೇರೆ. ಬಾಡಿಗೆ ಮಾತ್ರ ಸರಿಯಾಗಿ ತಗೋತೀರಲ್ಲ!"

ನಾಬುಕೀರಳ ಕಣ್ಣು ತುಂಬಿ ಬಂತು. "ಬಂದೆ ಕಣಮ್ಮಾ, ಬಂದೆ" ಎನ್ನುತ್ತಾ ಅವಳು ಚಪ್ಪಲಿ ಬಿಟ್ಟು ಒಳಗೆ ಹೋದಳು.